ಕಣ್ಣು ತಿಳಿ, ನೋಟ ಮಸುಕು: ದೃಷ್ಟಿನರದ ಉರಿಯೂತ

ಲೋಕವನ್ನು ಕಾಣುವುದು ಕಣ್ಣೆಂದೇ ನಾವು ಭಾವಿಸುತ್ತೇವೆ. ವಸ್ತುತಃ ಕಣ್ಣು ಬೆಳಕಿನ ದ್ವಾರ ಮಾತ್ರ, ಕಾಣುವುದು ಮಿದುಳು. ಇವೆರಡನ್ನು ಕೂಡಿಸುವುದು ಹತ್ತು ಲಕ್ಷದಷ್ಟು ಸೂಕ್ಷ್ಮ ತಂತುಗಳುಳ್ಳ ದೃಷ್ಟಿನರ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಈ ನರದ ಹೊದಿಕೆಯ ಮೇಲೆ ಎರಗಿದಾಗ ಉರಿಯೂತ ಉಂಟಾಗುತ್ತದೆ. ವೈದ್ಯರು ಇದನ್ನು ಆಪ್ಟಿಕ್ ನ್ಯೂರೈಟಿಸ್ ಎನ್ನುತ್ತಾರೆ. ಇದು ಹೆಚ್ಚಾಗಿ ಕಾಣಿಸುವುದು 20ರಿಂದ 45 ವರ್ಷದೊಳಗಿನವರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ. ಅಂದರೆ ಸಂಸಾರದ ಭಾರ ಹೊತ್ತವರಲ್ಲಿಯೇ.

ಗುರುತಿಸುವ ಬಗೆ

ಮಡಿಕೇರಿ–ಕುಶಾಲನಗರ ಹೆದ್ದಾರಿಯ ಸುಂಟಿಕೊಪ್ಪದ ಸುತ್ತಲೂ ಕಾಫಿ ತೋಟಗಳಿವೆ. ಕೊಯ್ಲಿನ ದಿನಗಳಲ್ಲಿ ಒಬ್ಬರ ಕಣ್ಣು ನೊಂದು ಮಬ್ಬಾದರೆ ಧೂಳು ಬಿದ್ದಿರಬಹುದು, ಕನ್ನಡಕ ಬದಲಿಸಬೇಕಾಗಿರಬಹುದು ಎಂದುಕೊಳ್ಳುವುದು ಸಹಜ. ಆದರೆ ಕೆಂಗಣ್ಣಿನಲ್ಲಿ ಕಣ್ಣು ಕೆಂಪಾಗಿ ಪಿಸುರು ಕಟ್ಟುತ್ತದೆ. ಪೊರೆ ಬಂದರೆ ನೋವಿಲ್ಲದೆ ವರ್ಷಗಳಲ್ಲಿ ನೋಟ ಕುಂದುತ್ತದೆ. ಈ ರೋಗದಲ್ಲಾದರೋ ಕಣ್ಣು ಹೊರಗೆ ತಿಳಿಯಾಗಿಯೇ ಇದ್ದು, ಕೆಲವೇ ದಿನಗಳಲ್ಲಿ ಒಂದು ಕಣ್ಣಿನ ನೋಟ ಮಸುಕಾಗುತ್ತದೆ. ಕಣ್ಣನ್ನು ಅತ್ತಿತ್ತ ಹೊರಳಿಸಿದರೆ ಒಳಗೆ ನೋವು. ಬಿಸಿನೀರಿನ ಸ್ನಾನ ಅಥವಾ ದಣಿವಿನ ಕೆಲಸದ ಬಳಿಕ ಮಬ್ಬು ಹೆಚ್ಚುವುದೂ ಉಂಟು.

ಬಣ್ಣವೇ ಇಲ್ಲಿ ಮುಖ್ಯ ಸುಳಿವು. ಚೆನ್ನಾಗಿ ಹಣ್ಣಾದ ಕಾಫಿ ಹಣ್ಣೊಂದನ್ನು ಬೆಳಕಿನಲ್ಲಿ ಹಿಡಿದು, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಬೇಕು. ಒಂದು ಕಣ್ಣಿಗೆ ಕಡುಗೆಂಪಾಗಿ, ಇನ್ನೊಂದಕ್ಕೆ ಮಾಸಿದಂತೆ ಕಂಡರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಬಣ್ಣ ಸಮನಾಗಿ ಕಂಡಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ನೋಟ ಕುಂದಿದ್ದರೆ ತಪಾಸಣೆ ಆಗಲೇಬೇಕು.

ವೈದ್ಯರ ಪರೀಕ್ಷೆ

ವೈದ್ಯರು ಟಾರ್ಚಿನ ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಿಸುತ್ತಾರೆ. ರೋಗಪೀಡಿತ ಕಣ್ಣಿಗೆ ಬೆಳಕು ಬಿದ್ದಾಗ ಪಾಪೆ ಕುಗ್ಗುವ ಬದಲು ಹಿಗ್ಗಿದರೆ ನರ ಸೊರಗಿದೆಯೆಂದರ್ಥ. ಮೂವರಲ್ಲಿ ಇಬ್ಬರಿಗೆ ಕಣ್ಣಿನ ಒಳಭಾಗವೂ ಆರಂಭದಲ್ಲಿ ಸಹಜವಾಗಿಯೇ ಕಾಣುತ್ತದೆ. ಏಕೆಂದರೆ ಉರಿಯೂತವಿರುವುದು ಕಣ್ಣುಗುಡ್ಡೆಯ ಹಿಂದೆ. ಆದುದರಿಂದ ನೋಟದ ವ್ಯಾಪ್ತಿಯ ಪರೀಕ್ಷೆ, ಎಂ.ಆರ್.ಐ. ಸ್ಕ್ಯಾನ್ ಅವಶ್ಯವಾಗುತ್ತವೆ. ಕ್ಷಯ, ಮೇಹರೋಗಗಳೂ ಕ್ಷಯದ ಔಷಧಿಯಾದ ಎಥಾಂಬ್ಯುಟಾಲ್ ಸಹ ದೃಷ್ಟಿನರವನ್ನು ಕೆಡಿಸಬಲ್ಲವಾದ್ದರಿಂದ ಹಿಂದಿನ ಚಿಕಿತ್ಸೆಯ ಚೀಟಿಗಳನ್ನು ಒಯ್ಯತಕ್ಕದ್ದು.

ಎರಡೂ ಕಣ್ಣು ಕೂಡಿಯೇ ಕುಂದಿದರೆ, ಬೆಳಕೂ ಕಾಣದಷ್ಟಾದರೆ, ಕೈಕಾಲು ಬಲಗುಂದಿದರೆ, ನಿಲ್ಲದ ಬಿಕ್ಕಳಿಕೆ-ವಾಂತಿ ಇದ್ದರೆ ರೋಗ ಉಗ್ರಸ್ವರೂಪದ್ದಿರಬಹುದು. ಅದನ್ನು ಪತ್ತೆಹಚ್ಚುವ ರಕ್ತದ ಪ್ರತಿಕಾಯವೊಂದನ್ನು 2004ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಮಂಗಳೂರು ಬಳಿಯ ದೇರಳಕಟ್ಟೆಯ ಕೆ. ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಈ ರೋಗಗಳ ಬಗ್ಗೆ ಗಣ್ಯ ಸಂಶೋಧನೆ ನಡೆಸಿದೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ, ನಿಮ್ಹಾನ್ಸ್ ಎಲ್ಲರಿಗೂ ಪರಿಚಿತವಾದವು.

ಮನೆಯವರ ಹೊಣೆ

ಎದೆಹಾಲನ್ನಾಗಲಿ ಜೇನನ್ನಾಗಲಿ ಕಣ್ಣಿಗೆ ಹಾಕಬಾರದು. ಅಂಗಡಿಯಿಂದ ಸ್ಟೀರಾಯ್ಡ್ ಮಾತ್ರೆ ತಂದು ನುಂಗುವುದು ಇನ್ನೂ ಅಪಾಯಕರ. ಅಮೆರಿಕದಲ್ಲಿ 457 ರೋಗಿಗಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವು, ರಕ್ತನಾಳದ ಮೂಲಕ ಕೊಟ್ಟ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡಿನಿಂದ ನೋಟ ಬೇಗ ಮರಳುವುದನ್ನೂ, ಸಾಮಾನ್ಯ ಪ್ರಮಾಣದ ಮಾತ್ರೆಯನ್ನಷ್ಟೇ ಕೊಟ್ಟಾಗ ರೋಗ ಮರುಕಳಿಸುವುದು ಹೆಚ್ಚಾದುದನ್ನೂ ತೋರಿಸಿತು.

ಸಾಮಾನ್ಯ ಸ್ವರೂಪದ ರೋಗದಲ್ಲಿ ಎರಡು-ಮೂರು ವಾರಗಳಲ್ಲಿ ನೋಟ ತಾನಾಗಿಯೇ ಮರಳತೊಡಗುತ್ತದೆ. ಆಗ ಎಲ್ಲವೂ ಮುಗಿಯಿತೆಂದು ಮರೆಯುವುದೇ ಮುಂದಿನ ಕೇಡಿಗೆ ದಾರಿ. ಏಕೆಂದರೆ ಕೆಲವರಲ್ಲಿ ಇದು ಮಿದುಳು, ಬೆನ್ನುಹುರಿಗಳನ್ನು ಬಾಧಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಮೊದಲ ಸೂಚನೆ. ಉಗ್ರಸ್ವರೂಪದ ರೋಗವಾದರೋ ಮರುಕಳಿಸಿದಷ್ಟು ಸಲವೂ ನೋಟದ ಒಂದು ಭಾಗವನ್ನು ಶಾಶ್ವತವಾಗಿ ಕಸಿಯಬಲ್ಲುದು. ಕೊಯ್ಲು ಮುಗಿಯಲಿ, ಮದುವೆ ಮುಗಿಯಲಿ ಎಂದು ತಾಯಂದಿರು, ಸೊಸೆಯಂದಿರು ತಮ್ಮ ನೋವನ್ನು ಮುಂದೂಡುವುದನ್ನು ನಾವು ಬಲ್ಲೆವು. ಅವರು ಹೇಳಲಿ ಎಂದು ಕಾಯದೆ ಮನೆಯ ಹಿರಿಯರೇ ವಿಚಾರಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದು ಧರ್ಮ.