ಶಾಂತವಾಗಿ ಕಾಣುವ ನೀರೇ ಸೆಳೆಯುವ ನೀರು

ಪರೀಕ್ಷೆ ಮುಗಿದು ರಜೆ ಬಂತೆಂದರೆ ಘಟ್ಟದ ಮೇಲಿನ ಊರುಗಳಿಂದ ಬಸ್ಸುಗಳು ಸಾಲುಸಾಲಾಗಿ ಕರಾವಳಿಗೆ ಇಳಿಯುತ್ತವೆ. ಗೋಕರ್ಣ, ಮುರುಡೇಶ್ವರ, ಮರವಂತೆ, ಮಲ್ಪೆ ಎಲ್ಲೆಡೆ ಜನವೋ ಜನ. ಇತ್ತೀಚೆಗೆ ವಸತಿಗೃಹದ ಗೊಡವೆ ಬಿಟ್ಟು ಕಡಲಂಚಿನಲ್ಲೇ ಡೇರೆ ಹಾಕಿ ರಾತ್ರಿ ಕಳೆಯುವವರೂ ಹೆಚ್ಚಿದ್ದಾರೆ. ಬೆಳಗಾಗಿ ಡೇರೆಯ ಪರದೆ ಸರಿಸಿದರೆ ಎದುರಿಗೇ ಸಮುದ್ರ. ಆಗ ಮಕ್ಕಳು ಕೇಳುವ ಮೊದಲ ಪ್ರಶ್ನೆ ಒಂದೇ: “ನೀರಿಗಿಳಿಯಬಹುದಾ?”

ದೊಡ್ಡವರು ಸಾಮಾನ್ಯವಾಗಿ ನೀರಿನ ಕಡೆ ಒಮ್ಮೆ ಕಣ್ಣು ಹಾಯಿಸಿ ಉತ್ತರ ಕೊಟ್ಟುಬಿಡುತ್ತಾರೆ. ಅಲೆ ದೊಡ್ಡದಿದ್ದರೆ ಬೇಡ, ಶಾಂತವಾಗಿದ್ದರೆ ಸರಿ. ಈ ಉತ್ತರ ಕೆರೆಗೆ ಒಪ್ಪೀತು, ಸಮುದ್ರಕ್ಕೆ ಒಪ್ಪುವುದಿಲ್ಲ. ೨೦೨೪ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಅದೇ ವರ್ಷದ ಮೇ ತಿಂಗಳಲ್ಲಿ ಕನ್ಯಾಕುಮಾರಿ ಜಿಲ್ಲೆಯ ತೀರವೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗಳ ಪಾಲಾದರು. ಮೊದಲನೆಯದು ಚಳಿಗಾಲದಲ್ಲಿ, ಎರಡನೆಯದು ಬೇಸಿಗೆಯಲ್ಲಿ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಭಯವಿಲ್ಲ ಎನ್ನುವಂತಿಲ್ಲ.

ಡೇರೆಯ ಜಾಗ ಬೇರೆ, ಈಜಿನ ಜಾಗ ಬೇರೆ

ಡೇರೆ ಹಾಕುವವರು ಎಂಥ ಜಾಗ ಹುಡುಕುತ್ತಾರೆ? ಗಾಳಿಗೆ ಮರೆಯಾಗಿ ಒಂದು ಬಂಡೆ ಅಥವಾ ಗುಡ್ಡದ ಮೂಗು ಇರಬೇಕು. ಹತ್ತಿರದಲ್ಲಿ ತೊರೆಯೋ ಹೊಳೆಯೋ ಇದ್ದರೆ ಇನ್ನೂ ಒಳ್ಳೆಯದು. ಜನಸಂದಣಿ ಇರಬಾರದು. ವಿಚಿತ್ರವೆಂದರೆ, ಡೇರೆಗೆ ಹೇಳಿ ಮಾಡಿಸಿದಂತಿರುವ ಈ ಮೂರು ಗುಣಗಳೂ ಈಜುವವರ ಪಾಲಿಗೆ ಅಪಾಯದ ಗುರುತುಗಳು. ಬಂಡೆಯ ಪಕ್ಕದಲ್ಲಿ ನೀರು ಹೊರಕ್ಕೆ ಸೆಳೆಯುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಇಳಿತದ ವೇಳೆ ಪ್ರವಾಹ ಜೋರಾಗಿರುತ್ತದೆ. ಜನರಿಲ್ಲದ ತೀರದಲ್ಲಿ ಜೀವರಕ್ಷಕರೂ ಇರುವುದಿಲ್ಲ.

ಸೆಳೆತ ಹುಟ್ಟುವುದು ಹೇಗೆ?

ಅಲೆಗಳು ದಡಕ್ಕೆ ಬರುವಾಗ ಕೇವಲ ಶಬ್ದ, ನೊರೆ ತರುವುದಿಲ್ಲ. ಒಡೆಯುವ ಪ್ರತಿ ಅಲೆಯೂ ಸ್ವಲ್ಪ ನೀರನ್ನು ದಡದತ್ತ ತಳ್ಳಿ ಪೇರಿಸುತ್ತದೆ. ಹೀಗೆ ಪೇರಿದ ನೀರು ಮತ್ತೆ ಕಡಲಿಗೆ ಮರಳಲೇಬೇಕು. ದಡದಿಂದ ತುಸು ದೂರದಲ್ಲಿ ನೀರಿನ ಕೆಳಗೆ ಮರಳಿನ ದಿಣ್ಣೆಗಳಿರುತ್ತವೆ. ದಿಣ್ಣೆಯ ಮೇಲೆ ಆಳ ಕಡಿಮೆ, ಆದ್ದರಿಂದ ಅಲೆ ಅಲ್ಲಿ ಒಡೆಯುತ್ತದೆ. ಎರಡು ದಿಣ್ಣೆಗಳ ನಡುವಿನ ತಗ್ಗಿನಲ್ಲಿ ಆಳ ಹೆಚ್ಚು, ಅಲ್ಲಿ ಅಲೆ ಅಷ್ಟಾಗಿ ಒಡೆಯುವುದಿಲ್ಲ. ಪೇರಿದ ನೀರಿಗೆ ಈ ತಗ್ಗೇ ಹೆದ್ದಾರಿ. ಅಕ್ಕಪಕ್ಕದಿಂದ ಹರಿದುಬಂದ ನೀರೆಲ್ಲ ಒಂದಾಗಿ ಅಲ್ಲಿಂದ ಕಡಲಿನತ್ತ ಓಡುತ್ತದೆ. ಇದನ್ನೇ ವಿಜ್ಞಾನಿಗಳು ‘ರಿಪ್ ಕರೆಂಟ್’ ಎನ್ನುತ್ತಾರೆ. ಸರಳವಾಗಿ ‘ಸೆಳೆತ’ ಎನ್ನೋಣ.

ಈಗ ದಡದಲ್ಲಿ ನಿಂತವನ ಕಣ್ಣಿಗೆ ಕಾಣುವುದೇನು? ಎಡಕ್ಕೂ ಬಲಕ್ಕೂ ಬಿಳಿ ನೊರೆಯ ಅಲೆಗಳು, ನಡುವೆ ಅಲೆಯಿಲ್ಲದ, ಕೊಂಚ ಕಪ್ಪಗಿನ, ತಣ್ಣಗಿನ ಓಣಿ. “ಮಕ್ಕಳೇ, ಅಲ್ಲಿ ಅಲೆ ಇಲ್ಲ, ಅಲ್ಲೇ ಆಡಿ” ಎಂದು ತಂದೆ ಕೈತೋರಿಸುವುದೂ ಆ ಓಣಿಯನ್ನೇ! ಪ್ರೀತಿಯಿಂದ ಕೊಟ್ಟ ಸಲಹೆಯೇ ಮುಳುವಾಗುವುದು ಹೀಗೆ.

ಬಂಡೆಗಳ ಬಳಿಯೂ ಇದೇ ಕಥೆ. ದಡದ ಉದ್ದಕ್ಕೂ ಹರಿಯುವ ನೀರಿಗೆ ಬಂಡೆ ಅಡ್ಡವಾದಾಗ ಅದು ಬಂಡೆಯ ಪಕ್ಕದಿಂದಲೇ ಹೊರಕ್ಕೆ ತಿರುಗುತ್ತದೆ. ಗೋಕರ್ಣದ ಓಂ ತೀರದಲ್ಲಿರುವಂತೆ, ಅರ್ಧಚಂದ್ರಾಕಾರದ ಮರಳಿನ ತುದಿಗೆ ಬಂಡೆಗಳಿರುವ ಕಡೆಗಳಲ್ಲೆಲ್ಲ ಈ ಎಚ್ಚರ ಬೇಕು.

ಸೆಳೆತದ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸು. ಆದರೆ ದೊಡ್ಡ ಅಲೆಗಳ ದಿನ ಅದು ೨ ಮೀಟರನ್ನೂ ಮುಟ್ಟಬಹುದು. ಒಲಿಂಪಿಕ್ಸ್ ಈಜುಗಾರ ೧೦೦ ಮೀಟರ್ ದೂರವನ್ನು ಪ್ರಾಣಬಿಟ್ಟು ಈಜಿದಾಗ ಬರುವ ವೇಗವೇ ಹೆಚ್ಚುಕಡಿಮೆ ಅಷ್ಟು! ಇನ್ನೊಂದು ಲೆಕ್ಕವನ್ನು ಹೈಸ್ಕೂಲು ವಿದ್ಯಾರ್ಥಿಗಳು ಗಮನಿಸಬೇಕು. ನೀರಿನ ವೇಗ ಎರಡು ಪಟ್ಟಾದರೆ ಅದು ದೇಹವನ್ನು ದೂಡುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಜೊತೆಗೆ ಹರಿವ ನೀರು ಕಾಲಡಿಯ ಮರಳನ್ನೂ ಕೊರೆಯುತ್ತದೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತವರು ಕಣ್ಣುಮುಚ್ಚಿ ತೆರೆಯುವುದರೊಳಗೆ ನೆಲೆ ತಪ್ಪುವುದು ಇದರಿಂದಲೇ.

ಅಳಿವೆ ಮತ್ತು ದೂರದ ಅಲೆ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉಬ್ಬರದಲ್ಲಿ ಹೊಳೆಯೊಳಗೆ ನುಗ್ಗಿದ ಸಮುದ್ರದ ನೀರು ಸುಮಾರು ಆರು ಗಂಟೆಗಳ ನಂತರ ಹೊಳೆಯ ನೀರನ್ನೂ ಕೂಡಿಕೊಂಡು ಕಿರಿದಾದ ಅಳಿವೆಯ ಬಾಯಿಂದ ಹೊರಬೀಳುತ್ತದೆ. ಗಂಗೊಳ್ಳಿ, ಕೋಡಿಬೆಂಗ್ರೆಯಂಥ ಅಳಿವೆಗಳ ನೋಟ ಎಷ್ಟು ಚೆಂದವೋ ಆ ಬಾಯಲ್ಲಿ ಈಜುವುದು ಅಷ್ಟೇ ಅಪಾಯ. ಮಳೆ ಬಿದ್ದ ಮರುದಿನ ಅಳಿವೆಯಲ್ಲಿ ಮತ್ತೊಂದು ತೊಂದರೆಯೂ ಇದೆ. ಊರಿನ ಚರಂಡಿಯ ಕೊಳೆ, ರೋಗಾಣುಗಳು ಹೊಳೆಯ ಜೊತೆ ಕಡಲು ಸೇರುತ್ತವೆ. ಕೆಂಪಾದ, ಕಲಕಿದ ನೀರಿನಿಂದ ಒಂದೆರಡು ದಿನ ದೂರವಿರುವುದೇ ಲೇಸು.

ಅಲೆಗಳೆಲ್ಲ ಇಲ್ಲಿನ ಗಾಳಿಯಿಂದಲೇ ಏಳುತ್ತವೆ ಎಂಬುದೂ ತಪ್ಪು ತಿಳಿವಳಿಕೆ. ಭೂಗೋಳದ ದಕ್ಷಿಣ ತುದಿಯ ಸಾಗರದಲ್ಲಿ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ನಮ್ಮ ದಡ ಮುಟ್ಟುತ್ತವೆ. ಆಕಾಶ ನಿರ್ಮಲವಾಗಿದ್ದು, ಗಾಳಿ ಬೀಸದಿದ್ದರೂ ಕಡಲು ಒಮ್ಮೆಲೇ ಉಕ್ಕಬಹುದು. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’, ಅಂದರೆ ಕಳ್ಳನಂತೆ ಬರುವ ಕಡಲು ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ‘ಇನ್‌ಕಾಯಿಸ್’ ಇಂಥ ಅಲೆಗಳ ಮುನ್ನೆಚ್ಚರಿಕೆ ನೀಡುತ್ತದೆ. ಮೇಲೆ ಹೇಳಿದ ಕನ್ಯಾಕುಮಾರಿಯ ದುರಂತದ ಹೊತ್ತಿನಲ್ಲೂ ಎಚ್ಚರಿಕೆ ಹೊರಟಿತ್ತು. ಪ್ರವಾಸ ಹೊರಡುವ ಮುನ್ನ ಹವಾಮಾನ ವರದಿಯ ಜೊತೆಗೆ ಇದನ್ನೂ ನೋಡುವ ಅಭ್ಯಾಸ ಬರಬೇಕು. ಇನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಶ್ನೆಯೇ ಇಲ್ಲ. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ಜೂನ್, ಜುಲೈಯಲ್ಲಿ ರಜೆ ಇರುವಾಗ ಪ್ರವಾಸಿಗರಿಗೆ ಅಲ್ಲೇನು ಕೆಲಸ?

ಹತ್ತು ನಿಮಿಷ ನೋಡಿ

ಎಲ್ಲಿಯೇ ಆಗಲಿ, ನೀರಿಗಿಳಿಯುವ ಮೊದಲು ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ಸಮುದ್ರವನ್ನು ನೋಡಬೇಕು. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಐದಾರು ಸಣ್ಣ ಅಲೆ ಕಂಡು ಮೋಸಹೋಗಬಾರದು. ನೊರೆ, ಕಸಕಡ್ಡಿ ಎಲ್ಲಾದರೂ ಕಡಲಿನತ್ತ ತೇಲಿಹೋಗುತ್ತಿದೆಯೇ ಗಮನಿಸಿ. ಒಂದು ಒಣ ತೆಂಗಿನ ಸಿಪ್ಪೆಯನ್ನು ನೀರಿಗೆಸೆದರೂ ಸಾಕು. ಅದು ದಡಕ್ಕೆ ಮರಳದೆ ಹೊರಕ್ಕೆ ಸಾಗಿದರೆ ಅಲ್ಲಿ ಸೆಳೆತವಿದೆ ಎಂದೇ ಅರ್ಥ. ಮರಳಿ ಬಂತೆಂದು ಪೂರ್ತಿ ನಂಬುವಂತೆಯೂ ಇಲ್ಲ, ಸೆಳೆತ ಒಮ್ಮೆ ಸುಮ್ಮನಿದ್ದು ಮತ್ತೊಮ್ಮೆ ಜೋರಾಗುತ್ತದೆ. ಆದ್ದರಿಂದ ಸ್ಥಳೀಯ ಮೀನುಗಾರರ ಮಾತು ಕೇಳುವುದು ಎಲ್ಲಕ್ಕಿಂತ ಮೇಲು.

ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯಬಾರದು. ಅರ್ಧ ಕೆಂಪು, ಅರ್ಧ ಹಳದಿ ಬಣ್ಣದ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಣ್ಗಾವಲಿನಲ್ಲಿರುತ್ತದೆ. ಈಜುವುದಾದರೆ ಅಲ್ಲಿ ಮಾತ್ರ. ಹೊನ್ನಾವರದ ಬಳಿಯ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ ೨೦೨೦ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ದೊರೆಯಿತು. ನೀರಿನ ಶುದ್ಧತೆಯ ಪರೀಕ್ಷೆ, ಜೀವರಕ್ಷಣೆಯ ವ್ಯವಸ್ಥೆ ಈ ಮನ್ನಣೆಯ ಷರತ್ತುಗಳಲ್ಲಿ ಸೇರಿವೆ. ಡೇರೆ ಎಲ್ಲೇ ಇರಲಿ, ಈಜಲು ಇಂಥ ವ್ಯವಸ್ಥೆಯಿರುವ ತೀರಕ್ಕೆ ಹೋಗುವುದು ಜಾಣತನ.

ಸಿಕ್ಕಿಕೊಂಡರೆ?

ಸೆಳೆತ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಗಾಬರಿಯಿಂದ ನೇರ ದಡದತ್ತ ಈಜಿ, ಸೋತು ಸುಸ್ತಾದಾಗಲೇ ಮನುಷ್ಯ ಮುಳುಗುವುದು. ಉಪ್ಪುನೀರಿನ ಸಾಂದ್ರತೆ ಸಿಹಿನೀರಿಗಿಂತ ಹೆಚ್ಚು, ಆದ್ದರಿಂದ ತೇಲುವುದು ತುಸು ಸುಲಭ. ಅಂಗಾತನಾಗಿ ತೇಲುತ್ತ, ಉಸಿರು ಹಿಡಿತಕ್ಕೆ ತಂದುಕೊಂಡು, ಕೈಯೆತ್ತಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಬೇಕು. ಸೆಳೆತದ ಓಣಿ ಹೆಚ್ಚಾಗಿ ಕೆಲವು ಹತ್ತು ಮೀಟರುಗಳಷ್ಟೇ ಅಗಲ. ಅದನ್ನು ದಾಟಿ ನೊರೆಯ ಅಲೆಗಳಿರುವ ಕಡೆ ಬಂದರೆ ಆ ಅಲೆಗಳೇ ದಡಕ್ಕೆ ತಳ್ಳುತ್ತವೆ.

ದಡದಲ್ಲಿರುವವರು ಒಬ್ಬರ ಹಿಂದೆ ಒಬ್ಬರು ಧುಮುಕಬಾರದು. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋದದ್ದು ಎಷ್ಟೋ ಸಲ ನಡೆದಿದೆ. ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆಯಿರಿ. ಜೀವರಕ್ಷಕರನ್ನೂ ಮೀನುಗಾರರನ್ನೂ ಕರೆಯಿರಿ, ೧೧೨ಕ್ಕೆ ಫೋನ್ ಮಾಡಿ.

ಶಾಲೆಯ ಪ್ರವಾಸಕ್ಕೆ ಒಪ್ಪಿಗೆ ಪತ್ರ ಬಂದಾಗ ಪೋಷಕರು ಹಣ ಎಷ್ಟು, ಊಟ ಏನು ಎಂದು ಕೇಳುವುದು ಸಹಜ. ಅದರ ಜೊತೆ ಇನ್ನು ಮೂರು ಪ್ರಶ್ನೆಗಳಿರಲಿ. ಮಕ್ಕಳು ನೀರಿಗಿಳಿಯುತ್ತಾರೆಯೇ? ಅಲ್ಲಿ ಜೀವರಕ್ಷಕರಿದ್ದಾರೆಯೇ? ದಡದಲ್ಲಿ ನಿಂತು ತಲೆ ಎಣಿಸುವವರು ಯಾರು? ಈ ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಮಕ್ಕಳು ಮರಳಿನಲ್ಲೇ ಆಡಲಿ. ಕಡಲು ಮುಂದಿನ ವರ್ಷವೂ ಅಲ್ಲೇ ಇರುತ್ತದೆ.