ಎಲ್ ಸಾಲ್ವಡಾರದ ಶಾಂತಿಯೂ ಭೀಮಾತೀರದ ಭೀತಿಯೂ

ಪ್ರಜೆಯು ಸರಕಾರಕ್ಕೆ ತೆರಿಗೆಯನ್ನು ತೆರುವುದು ಮೊಟ್ಟಮೊದಲು ಒಂದು ಭರವಸೆಗಾಗಿ. ರಾತ್ರಿ ತಾನು ನಿಶ್ಚಿಂತನಾಗಿ ಮಲಗಬೇಕು, ಹಗಲಿನಲ್ಲಿ ತನ್ನ ಮಕ್ಕಳು ನಿರ್ಭಯವಾಗಿ ಶಾಲೆಗೆ ಹೋಗಿಬರಬೇಕು, ತಾನು ದುಡಿದ ರೊಕ್ಕ ತನ್ನ ಕೈಯಲ್ಲಿಯೇ ಉಳಿಯಬೇಕು. ರಸ್ತೆ, ಕಾಲುವೆ, ದವಾಖಾನೆಗಳೆಲ್ಲವೂ ಅದರ ಅನಂತರದವು. ಈ ಭರವಸೆಯು ಸಡಿಲವಾದ ಕಡೆಗಳಲ್ಲಿ ಜನರು ಉಗ್ರವಾದ ಔಷಧವನ್ನು ಬೇಡತೊಡಗುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಗಳ ಚಹದ ಅಂಗಡಿಗಳಲ್ಲಿ ಒಂದು ಘೋರ ಕೃತ್ಯದ ಸುದ್ದಿ ಬಂದಾಗಲೆಲ್ಲ, “ಇಂಥವರಿಗೆ ಕೋರ್ಟೇಕೆ, ಕಟ್ಟಳೆಯೇಕೆ? ಕಂಡಲ್ಲಿ ಗುಂಡಿಡಬೇಕು” ಎಂಬ ಮಾತು ಏಳುವುದು. ಈ ಮಾತಿಗೆ ಈಚೆಗೆ ದೂರದೇಶದ ಒಂದು ನಿದರ್ಶನವೂ ದೊರೆತಿದೆ. ಅದು ಮಧ್ಯ ಅಮೇರಿಕೆಯ ಎಲ್ ಸಾಲ್ವಡಾರ. ಆ ನಿದರ್ಶನವನ್ನು ನಾವು ತೂಗಿ ನೋಡುವುದು ಅವಶ್ಯವಾಗಿದೆ.

ಎಲ್ ಸಾಲ್ವಡಾರವು ವಿಸ್ತೀರ್ಣದಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಸುಮಾರು ಎರಡರಷ್ಟು ಮಾತ್ರ; ಜನಸಂಖ್ಯೆ ಸುಮಾರು 60 ಲಕ್ಷ. 1980ರಿಂದ 1992ರ ವರೆಗೆ ನಡೆದ ಅಂತರ್ಯುದ್ಧದಲ್ಲಿ ಅಲ್ಲಿ ಸುಮಾರು 75,000 ಜನರು ಮಡಿದರು. ಆ ಯುದ್ಧಕ್ಕಂಜಿ ಅಮೇರಿಕದ ಲಾಸ್ ಏಂಜಲೀಸಿಗೆ ಓಡಿಹೋದವರ ಮಕ್ಕಳು ಅಲ್ಲಿಯ ಬೀದಿಗಳಲ್ಲಿ ಪುಂಡರ ಗುಂಪುಗಳನ್ನು ಸೇರಿದರು. ಅವರನ್ನು ಅಮೇರಿಕವು ಹಿಂದಕ್ಕಟ್ಟಿದಾಗ ಆ ಗುಂಪುಗಳೂ ಅವರೊಂದಿಗೆ ಸ್ವದೇಶಕ್ಕೆ ಬಂದವು. ದುರ್ಬಲವಾದ ಸರಕಾರ, ಕೆಲಸವಿಲ್ಲದ ತರುಣರು, ಯುದ್ಧದಲ್ಲಿ ಉಳಿದ ಬಂದೂಕುಗಳು, ಇವು ಮೂರೂ ಕೂಡಿದಲ್ಲಿ ಆಗಬೇಕಾದುದೇ ಆಯಿತು. ಅಂಗಡಿಕಾರನು, ಬಸ್ಸಿನ ಚಾಲಕನು, ರೊಟ್ಟಿ ಮಾರುವ ಮುದುಕಿಯು ಸಹ ಆ ಗುಂಪುಗಳಿಗೆ ಹಫ್ತಾ ಕೊಡದೆ ಬದುಕುವಂತಿರಲಿಲ್ಲ. 2015ರಲ್ಲಿ ಅಲ್ಲಿ ಲಕ್ಷ ಜನರಿಗೆ ನೂರಕ್ಕೂ ಹೆಚ್ಚು ಕೊಲೆಗಳಾದವು. ಯುದ್ಧವಿಲ್ಲದ ದೇಶಗಳಲ್ಲಿ ಅಷ್ಟು ರಕ್ತ ಬೇರೆಲ್ಲಿಯೂ ಹರಿದಿರಲಿಲ್ಲ.

2022ನೆಯ ಮಾರ್ಚದ ಕೊನೆಯಲ್ಲಿ ಮೂರೇ ದಿನಗಳಲ್ಲಿ 87 ಜನರು ಹತರಾದಾಗ ಅಧ್ಯಕ್ಷ ನಾಯಿಬ್ ಬುಕೆಲೆಯವರು ಆಪತ್‌ಸ್ಥಿತಿಯನ್ನು ಘೋಷಿಸಿದರು. ಮೂವತ್ತು ದಿವಸದ್ದೆಂದು ಹೊರಟ ಆ ಆಜ್ಞೆಯು ತಿಂಗಳು ತಿಂಗಳಿಗೆ ನವೀಕರಣಗೊಳ್ಳುತ್ತ ವರ್ಷಗಟ್ಟಲೆ ಬೆಳೆಯಿತು. 80,000ಕ್ಕೂ ಹೆಚ್ಚು ಜನರು ಸೆರೆಯಾದರು. 40,000 ಕೈದಿಗಳು ಹಿಡಿಯುವ ಮಹಾಬಂಧೀಖಾನೆಯು 2023ರಲ್ಲಿ ತೆರೆಯಿತು. ಫಲವನ್ನು ನಾವು ಮುಚ್ಚಿಡಬಾರದು. ಸರಕಾರದ ಲೆಕ್ಕದಂತೆ 2024ರಲ್ಲಿ ಇಡಿಯ ದೇಶದಲ್ಲಿ ಆದ ಕೊಲೆಗಳು 114. ಎಂದರೆ ಲಕ್ಷಕ್ಕೆ 1.9. ಅಂಗಡಿಕಾರನು ಹಫ್ತಾ ಇಲ್ಲದೆ ಬಾಗಿಲು ತೆರೆಯುತ್ತಿರುವನು. ಮಕ್ಕಳು ಬೀದಿಯಲ್ಲಿ ಆಡುತ್ತಿರುವರು. 2024ರ ಚುನಾವಣೆಯಲ್ಲಿ ಜನರು ಅದೇ ಅಧ್ಯಕ್ಷರಿಗೆ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ಮತಗಳನ್ನು ಕೊಟ್ಟರು. ಭಯದಲ್ಲಿ ಬದುಕಿದವರ ಈ ಕೃತಜ್ಞತೆಯನ್ನು ದೂರದಲ್ಲಿ ಕುಳಿತು ಹಳಿಯುವುದು ಸಲ್ಲದು.

ಆದರೆ ಜಮೆಯ ಪುಟವನ್ನು ಓದಿದವರು ಖರ್ಚಿನ ಪುಟವನ್ನೂ ಓದಬೇಕಲ್ಲವೆ? ಹಿಡಿದವರಲ್ಲಿ ಸುಮಾರು 8,000 ಜನ ನಿರಪರಾಧಿಗಳಿದ್ದರೆಂದು ಆ ಸರಕಾರವೇ ಒಪ್ಪಿ ಅವರನ್ನು ಬಿಟ್ಟಿತು. ಸೆರೆಯಲ್ಲಿ ನೂರಾರು ಜನರು ಸತ್ತರೆಂದು ಮಾನವ ಹಕ್ಕುಗಳ ಸಂಸ್ಥೆಗಳು ಎಣಿಸಿವೆ. ನೂರಾರು ಆರೋಪಿಗಳನ್ನು ಒಟ್ಟಿಗೆ ನಿಲ್ಲಿಸಿ ವಿಚಾರಿಸುವುದಕ್ಕೆ ಕಾಯಿದೆಯಾಯಿತು. 2025ರ ಜುಲೈ ತಿಂಗಳಲ್ಲಿ, ಒಬ್ಬನೇ ಅಧ್ಯಕ್ಷನು ಎಷ್ಟು ಸಲವಾದರೂ ಆರಿಸಿ ಬರಬಹುದೆಂದು ರಾಜ್ಯಘಟನೆಯನ್ನೇ ತಿದ್ದಲಾಯಿತು. ಇನ್ನೊಂದು ಸಂಗತಿಯನ್ನು ಈ ಔಷಧದ ಹೊಗಳುಭಟರು ಹೇಳುವುದಿಲ್ಲ. 2015ರಲ್ಲಿ ನೂರನ್ನು ದಾಟಿದ್ದ ಪ್ರಮಾಣವು 2021ರಷ್ಟಕ್ಕೇ, ಎಂದರೆ ಆಪತ್‌ಸ್ಥಿತಿಗೆ ಮೊದಲೇ, ಲಕ್ಷಕ್ಕೆ ಸುಮಾರು 18ಕ್ಕೆ ಇಳಿದಿತ್ತು.

ಇನ್ನು ನಮ್ಮ ಲೆಕ್ಕವನ್ನು ನೋಡುವಾ. 2022ರಲ್ಲಿ ಇಡಿಯ ಭಾರತದಲ್ಲಿ ದಾಖಲಾದ ಕೊಲೆಗಳು 28,522; ಲಕ್ಷಕ್ಕೆ 2.1. ಎಲ್ ಸಾಲ್ವಡಾರವು ಕಾಯಿದೆಯನ್ನು ಕಟ್ಟಿಟ್ಟು, ಎಂಬತ್ತು ಸಾವಿರ ಜನರನ್ನು ಸೆರೆಗೆ ತಳ್ಳಿ, ಯಾವ ಅಂಕಿಗೆ ಬಂದು ಮುಟ್ಟಿತೋ, ಹೆಚ್ಚು ಕಡಿಮೆ ಅದೇ ಅಂಕಿಯಲ್ಲಿ ನಾವು ಕೋರ್ಟುಗಳನ್ನು ತೆರೆದಿಟ್ಟುಕೊಂಡೇ ಇದ್ದೇವೆ. ಹೀಗಿರಲು ಅವರ ಔಷಧವನ್ನು ನಾವೇಕೆ ಕುಡಿಯಬೇಕು?

ಹಾಗಾದರೆ ಭೀಮಾತೀರದಲ್ಲಿ ಭೀತಿಯೇ ಇಲ್ಲವೆ? ಇದೆ. ಆದರೆ ಅದರ ಬೇರು ಎಲ್ಲಿದೆಯೆಂಬುದನ್ನು ಈ ಮೂರು ತಾಲೂಕುಗಳೇ ಹೇಳುತ್ತವೆ.

ಜೇವರ್ಗಿಯನ್ನು ನೋಡಿರಿ. 2023ರ ಜೂನದಲ್ಲಿ ಆ ತಾಲೂಕಿನ ನೆಲೋಗಿ ಠಾಣೆಯ ಮುಖ್ಯ ಪೇದೆಯೊಬ್ಬರು ಕಳವಿನ ಉಸುಕು ಹೇರಿದ ಟ್ರ್ಯಾಕ್ಟರನ್ನು ತಡೆಯಲು ಹೋದಾಗ ಅದು ಅವರ ಮೇಲೆಯೇ ಹಾಯ್ದು ಅವರು ಪ್ರಾಣಬಿಟ್ಟರು. ಭೀಮೆಯ ಉಸುಕು ಇಂದು ಬಂಗಾರ. ಅದನ್ನು ಕದಿಯುವ ಟ್ರ್ಯಾಕ್ಟರು ಯಾರದು, ಅದು ನಿತ್ಯವೂ ಯಾವ ದಾರಿಯಿಂದ ಹೋಗುವುದು ಎಂಬುದು ಊರಿನವರಿಗೆ ತಿಳಿಯದ ಗುಟ್ಟಲ್ಲ. ಗೊತ್ತಿದ್ದೂ ಬಹುದಿನ ಬಿಟ್ಟುದನ್ನು ಒಂದು ರಾತ್ರಿ ಒಬ್ಬ ಬಡ ಪೇದೆಯು ತಡೆಯಹೋದರೆ ಅವನ ಪಾಡು ಏನಾಗಬೇಕು?

ಆಳಂದದ ಗಡಿಯನ್ನು ನೋಡಿರಿ. ಆ ತಾಲೂಕಿಗೆ ಮಹಾರಾಷ್ಟ್ರದ ಉಮರ್ಗಾ ತಾಲೂಕು ಹೊಂದಿಕೊಂಡಿದೆ. 2022ರ ಸಪ್ಟೆಂಬರದಲ್ಲಿ ಗಾಂಜಾದ ಜಾಡನ್ನು ಹಿಡಿದು ಉಮರ್ಗಾದ ಹೊಲಕ್ಕೆ ಹೋದ ಕಲಬುರಗಿ ಜಿಲ್ಲೆಯ ಪೋಲೀಸು ವೃತ್ತ ನಿರೀಕ್ಷಕರೊಬ್ಬರನ್ನು ಗುಂಪೊಂದು ಮುತ್ತಿ ಬಡಿಯಿತು. ಮರಣೋನ್ಮುಖರಾದ ಅವರನ್ನು ವಿಮಾನದಲ್ಲಿ ಬೆಂಗಳೂರಿಗೆ ಸಾಗಿಸಬೇಕಾಯಿತು. ಅಪರಾಧಿಗೆ ಗಡಿಯಿಲ್ಲ, ಗಡಿ ಇರುವುದು ಹಿಡಿಯುವವನಿಗೆ ಮಾತ್ರ.

ಅಫಜಲಪುರದ್ದು ಇನ್ನೂ ದೊಡ್ಡ ಪಾಠ. ರಾಜ್ಯದ 545 ಫೌಜದಾರರ ಹುದ್ದೆಗಳಿಗೆ 2021ರ ಅಕ್ಟೋಬರ 3ರಂದು ಪರೀಕ್ಷೆ ನಡೆಯಿತು. ಕಲಬುರಗಿಯ ಕೇಂದ್ರವೊಂದರಲ್ಲಿ ಉತ್ತರಪತ್ರಿಕೆಗಳನ್ನು ತಿದ್ದಿದ ಸಂಗತಿ ಬಯಲಾಗಿ ತನಿಖೆಯು ರಾಜ್ಯವನ್ನೆಲ್ಲ ವ್ಯಾಪಿಸಿತು. ಆರೋಪಿಗಳಲ್ಲಿ ಅಫಜಲಪುರ ತಾಲೂಕಿನವರ ಹೆಸರುಗಳು ಮುಂದೆ ಬಂದವು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೋಲೀಸು ಅಧಿಕಾರಿಯೇ 2022ರ ಜುಲೈದಲ್ಲಿ ಬಂಧಿತರಾದರು. ಸರಕಾರವು ಪರೀಕ್ಷೆಯನ್ನು ರದ್ದುಗೊಳಿಸಿ, ಹೈಕೋರ್ಟು ಅದನ್ನು ಎತ್ತಿಹಿಡಿದ ಮೇಲೆ, 2024ರ ಜನವರಿಯಲ್ಲಿ ಮರುಪರೀಕ್ಷೆಯಾಯಿತು. ತಪ್ಪು ಯಾರದೆಂಬುದನ್ನು ನ್ಯಾಯಾಲಯ ಹೇಳಲಿ. ನಾವು ಕೇಳುವುದಿಷ್ಟೇ: ಲಕ್ಷಗಟ್ಟಲೆ ರೂಪಾಯಿ ಸುರಿದು ಫೌಜದಾರನಾಗಿ ಬಂದವನು ಆ ಬಂಡವಾಳವನ್ನು ಯಾರಿಂದ ಹುಟ್ಟಿಸಬೇಕು? ಉಸುಕಿನವನಿಂದ, ಗಾಂಜಾದವನಿಂದ, ಕಂಟ್ರಿ ಪಿಸ್ತೂಲಿನವನಿಂದಲ್ಲದೆ ಮತ್ತೆ ಯಾರಿಂದ?

ಇಂಥ ಕೈಗೆ “ಕಂಡಲ್ಲಿ ಗುಂಡಿಡು” ಎಂಬ ಅಧಿಕಾರವನ್ನೂ ಕೊಟ್ಟರೆ ಆಗುವುದೇನು? ಅದಕ್ಕೆ ಎಲ್ ಸಾಲ್ವಡಾರದ ವರೆಗೆ ಹೋಗಬೇಕಾಗಿಲ್ಲ. ಭೀಮೆಯ ಆಚೆ ದಡದ ಚಡಚಣವೇ ಸಾಕು. 2017ರ ಅಕ್ಟೋಬರದಲ್ಲಿ ಸಮೀಪದ ಕೊಂಕಣಗಾಂವದಲ್ಲಿ ಒಬ್ಬನು ಪೋಲೀಸರ ಗುಂಡಿಗೆ ಬಲಿಯಾದನು. ಅದೇ ದಿವಸ ಅವನ ತಮ್ಮನನ್ನು ಪೋಲೀಸರೇ ವೈರಿಗಳ ಕೈಗೆ ಒಪ್ಪಿಸಿದರೆಂಬ ಆರೋಪದ ಮೇಲೆ 2018ರಲ್ಲಿ ಫೌಜದಾರರೊಬ್ಬರೂ ಕೆಲವು ಪೇದೆಗಳೂ ಬಂಧಿತರಾದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರೆಂಬ ನಮ್ಮ ಹಿರಿಯರ ಪ್ರಶ್ನೆಗೆ ಇದಕ್ಕಿಂತ ಬೇರೆ ಭಾಷ್ಯ ಬೇಡ.

ಕಾಯಿದೆಯ ಅಂಕೆಗೆ ಒಳಪಡದ ಆಯುಧವು ಏನು ಮಾಡಬಲ್ಲದೆಂಬುದನ್ನು ಈ ಸೀಮೆಯ ಜನರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಈ ಮೂರು ತಾಲೂಕುಗಳು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು. 1947-48ರಲ್ಲಿ ರಜಾಕಾರರು ರಕ್ಷಣೆಯ ಹೆಸರಿನಲ್ಲಿಯೇ ಬಂದೂಕು ಹಿಡಿದರು. ಆಗ ಎಷ್ಟೋ ಕುಟುಂಬಗಳು ಮನೆಮಾರು ಬಿಟ್ಟು ಸೊಲ್ಲಾಪುರ, ವಿಜಾಪುರಗಳ ಕಡೆಗೆ ಗಡಿ ದಾಟಿದವು. 1948ರ ಸಪ್ಟೆಂಬರ 17ರಂದು ದೊರೆತುದು ಕೇವಲ ಅರಸನ ಬದಲಾವಣೆಯಲ್ಲ. ಬಂದೂಕಿನವನೂ ಕಾಯಿದೆಗೆ ಉತ್ತರ ಹೇಳಬೇಕೆಂಬ ನಿಯಮವು ಅಂದು ಈ ನೆಲಕ್ಕೆ ಬಂದಿತು. ಅದನ್ನು ನಾವಾಗಿಯೇ ಬಿಟ್ಟುಕೊಡುವುದೆ?

ಮಾಡತಕ್ಕುದು ಬಹಳವಿದೆ, ಹೊಸದಾಗಿ ಕಂಡುಹಿಡಿಯತಕ್ಕುದು ಮಾತ್ರ ಸ್ವಲ್ಪ. 2006ರ ಪ್ರಕಾಶ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ದಾರಿಯನ್ನು ತೋರಿಸಿಯೇ ಇದೆ. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೆಡೆ ಇರಗೊಡಬೇಕು. ತನಿಖೆಯನ್ನು ಬಂದೋಬಸ್ತಿನ ಕೆಲಸದಿಂದ ಬೇರ್ಪಡಿಸಬೇಕು. ಪೋಲೀಸರ ಮೇಲಿನ ದೂರುಗಳನ್ನು ಕೇಳಲು ಸ್ವತಂತ್ರವಾದ ಪ್ರಾಧಿಕಾರವಿರಬೇಕು. ಇವುಗಳೊಂದಿಗೆ ನದಿಯ ದಂಡೆಗೆ ಒಂಟಿ ಪೇದೆಯನ್ನು ಕಳಿಸುವ ಪದ್ಧತಿಯು ನಿಲ್ಲಬೇಕು; ಕಂದಾಯ, ಗಣಿ, ಪೋಲೀಸು ಇಲಾಖೆಗಳು ಕೂಡಿಯೇ ಕಾವಲಿರಬೇಕು. ಆಳಂದದ ಗಡಿಯಲ್ಲಿ ಎರಡೂ ರಾಜ್ಯಗಳ ಪೋಲೀಸರು ಒಂದಾಗಿ ಶೋಧಿಸಬೇಕು. ಹುದ್ದೆಯ ಪರೀಕ್ಷೆಯು ಗಂಗೆಯಷ್ಟು ನಿರ್ಮಲವಾಗಿರಬೇಕು.

ವಾಚಕರಾದ ಪಟ್ಟಣಿಗರಿಗೂ ಅಧಿಕಾರಿಗಳಿಗೂ ನಮ್ಮ ವಿಜ್ಞಾಪನೆ ಒಂದೇ. ಕಳವಿನ ಉಸುಕಿನಿಂದ ಮನೆ ಕಟ್ಟಿಸಿ, ಮಗನ ನೌಕರಿಗಾಗಿ ದಲ್ಲಾಳಿಗೆ ಹಣವೆಣಿಸಿ, ಸಂಜೆಗೆ ಚಹದ ಅಂಗಡಿಯಲ್ಲಿ “ಗುಂಡಿಡಬೇಕು” ಎಂದು ಗರ್ಜಿಸುವವನು ತಾನು ಯಾರ ಕಡೆಗಿರುವೆನೆಂದು ತನ್ನನ್ನೇ ಕೇಳಿಕೊಳ್ಳಲಿ. ಅಂಥ ಉಸುಕನ್ನು ಕೊಳ್ಳದ, ಅಂಥ ಹಣವನ್ನು ಎಣಿಸದ ಒಂದೊಂದು ಮನೆಯೂ ಭೀಮಾತೀರಕ್ಕೆ ಒಂದೊಂದು ಪೋಲೀಸು ಚೌಕಿಯಾದೀತು.