ಹುಬ್ಬಳ್ಳಿಯ ಹುಡುಗರು ಬಾಗಲಿಲ್ಲ

ಚರಕದ ಧ್ವಜ ಹಿಡಿದು ನಾಗಪುರದ ಸಿವಿಲ್ ಲೈನ್ಸ್‌ನಲ್ಲಿ ಮೆರವಣಿಗೆ ಹೋಗಕೂಡದೆಂದು 1923ರಲ್ಲಿ ಬ್ರಿಟಿಷ್ ಸರಕಾರ ತಡೆಯೊಡ್ಡಿತು. ಆ ತಡೆ ಮುರಿಯಲು ನಾನಾ ಪ್ರಾಂತಗಳಿಂದ ಸ್ವಯಂಸೇವಕರು ಬಂದು ಜೈಲು ತುಂಬಿದರು. ಒಳಗಿನ ಕಷ್ಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಡಾ. ನಾ. ಸು. ಹರ್ಡೀಕರ್ ಕಟ್ಟಿದ್ದ ಹುಬ್ಬಳ್ಳಿ ಸೇವಾ ಮಂಡಲದವರು ಮಾತ್ರ ಆ ಕಾಗದಕ್ಕೆ ಸಹಿ ಹಾಕಲಿಲ್ಲ. ದೇಶಭಕ್ತಿ ಎಲ್ಲರಲ್ಲೂ ಇತ್ತು. ಹುಬ್ಬಳ್ಳಿಯವರಿಗೆ ಅದರ ಜೊತೆಗೆ ತರಬೇತಿಯೂ ಇತ್ತು. ಹಿಂದೂಸ್ತಾನಿ ಸೇವಾದಳ ಹುಟ್ಟಿದ್ದು ಈ ವ್ಯತ್ಯಾಸದಿಂದ.

ಅಮೆರಿಕದಲ್ಲಿ ಓದುತ್ತಲೇ ಲಾಲಾ ಲಜಪತರಾಯರ ಹೋಂರೂಲ್ ಚಳವಳಿಗೆ ಹೆಗಲು ಕೊಟ್ಟಿದ್ದ ಹರ್ಡೀಕರ್, ಸಂಘಟನೆಯ ಬೆಲೆ ಬಲ್ಲವರು. ನಾಗಪುರದ ಪಾಠವನ್ನು ಅವರು ಅದೇ ವರ್ಷದ ಡಿಸೆಂಬರಿನ ಕಾಕಿನಾಡ ಕಾಂಗ್ರೆಸ್ ಅಧಿವೇಶನಕ್ಕೆ ಒಯ್ದರು: ಇಡೀ ದೇಶಕ್ಕೆ ಒಂದೇ ಸ್ವಯಂಸೇವಕ ದಳ ಬೇಕು, ಅದಕ್ಕೆ ಕವಾಯತು ಬೇಕು. ಜವಾಹರಲಾಲ್ ನೆಹರೂ ಬೆಂಬಲಕ್ಕೆ ನಿಂತರು, ಹೀಗೆ ಹುಟ್ಟಿದ ಸೇವಾದಳದ ಮೊದಲ ಅಧ್ಯಕ್ಷರೂ ಆದರು.

ವಿರೋಧ ಬಂದದ್ದು ಕಾಂಗ್ರೆಸ್ಸಿನ ಒಳಗಿನಿಂದಲೇ. ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುವುದು ಸಿಪಾಯಿಗಳ ರೀತಿ, ಅಹಿಂಸೆಗೆ ಒಗ್ಗದು ಎಂದು ಹಲವರು ವಾದಿಸಿದರು. ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಸಮವಸ್ತ್ರ ತೊಟ್ಟವರಿಗೆ ಅಧಿಕಾರದ ಅಮಲು ಏರುವುದನ್ನು ಜಗತ್ತು ಆಮೇಲೆ ಕಂಡಿತು. ಆದರೆ 1922ರ ಫೆಬ್ರುವರಿಯಲ್ಲಿ ಚೌರಿಚೌರಾದಲ್ಲಿ ಪೊಲೀಸ್ ಠಾಣೆಗೆ ಬೆಂಕಿಯಿಟ್ಟು 22 ಪೊಲೀಸರನ್ನು ಕೊಂದದ್ದು ಕವಾಯತು ಕಲಿತ ದಳವಲ್ಲ, ಹಿಡಿತ ತಪ್ಪಿದ ಗುಂಪು. ಅದರಿಂದಾಗಿ ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಬೇಕಾಯಿತು. ಹೊಡೆಯುವುದಕ್ಕೆ ಸಿಟ್ಟೊಂದಿದ್ದರೆ ಸಾಕು. ಏಟು ತಿಂದೂ ಕೈ ಎತ್ತದಿರಲು ದಿನದಿನದ ಅಭ್ಯಾಸ ಬೇಕು. ಈ ಕಾರಣಕ್ಕೆ, ಕವಾಯತು ಅಹಿಂಸೆಗೆ ವಿರೋಧಿಯಲ್ಲ, ಅದರ ಅಡಿಪಾಯ. ನಾಯಕರ ಮಾತಿಗೇ ಜನ ತಾವಾಗಿ ಶಿಸ್ತಿಗೆ ಬರುತ್ತಿದ್ದರು ಎನ್ನುವವರಿಗೂ ಚೌರಿಚೌರಾವೇ ಉತ್ತರ: ಗಾಂಧೀಜಿಯ ಹೆಸರಿಗೆ ಜೈಕಾರ ಹಾಕುತ್ತಿದ್ದವರೇ ಅವರ ಮಾತು ಮೀರಿದ್ದರು.

1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗ ಸ್ವಯಂಸೇವಕರ ಹೊಣೆ ಹರ್ಡೀಕರರದೇ ಆಗಿತ್ತು. 1931ರಲ್ಲಿ ಕಾಂಗ್ರೆಸ್ ಈ ದಳವನ್ನು ತನ್ನ ಅಧಿಕೃತ ಅಂಗವಾಗಿ ಒಪ್ಪಿಕೊಂಡಿತು. ಮರುವರ್ಷ ಸರಕಾರ ಅದನ್ನು ನಿಷೇಧಿಸಿತು. ಕಾಕಿನಾಡದಲ್ಲಿ ಕೆಲವರು ಅನಗತ್ಯವೆಂದ ದಳವನ್ನು ಬ್ರಿಟಿಷರು ಅಪಾಯಕಾರಿಯೆಂದು ಬಗೆದರು. ಇಷ್ಟಾದರೂ ಆಗಸ್ಟ್ 15ರ ನಮ್ಮ ಭಾಷಣಗಳಲ್ಲಿ ಹರ್ಡೀಕರರ ಹೆಸರು ಕೇಳಿಬರುವುದು ತೀರ ಅಪರೂಪ. ಸ್ವಂತ ನೆಲದ ಕನ್ನಡಿಗರೇ ಅವರನ್ನು ಮರೆತದ್ದು ನೋವಿನ ಸಂಗತಿ. ವೇದಿಕೆಯ ಮೇಲಿದ್ದವರನ್ನಷ್ಟೇ ನೆನೆದರೆ ಚಳವಳಿಯೆಂಬುದು ಕೆಲವೇ ಮಹಾಪುರುಷರ ಪವಾಡವಾಗಿ ಕಾಣುತ್ತದೆ. ಸಾಮಾನ್ಯರನ್ನು ಸತ್ಯಾಗ್ರಹಿಗಳಾಗಿ ತಯಾರು ಮಾಡಿದವರ ದುಡಿಮೆಯನ್ನೂ ಮಕ್ಕಳಿಗೆ ಹೇಳಿಕೊಟ್ಟಾಗ ಮಾತ್ರ ಸ್ವಾತಂತ್ರ್ಯದ ಕಥೆ ಪೂರ್ತಿಯಾಗುತ್ತದೆ.